ನೆಲಕ್ಕೆ ತಾಗದ ಕಾಲು

ತಾಯಿಯ ಬಂಗಾರದ ಡಾಬು ಅಣ್ಣನ ಮಗಳಿಗೆ ಹೋಗುತ್ತದೆಂದು ಕೇಳಿದ ದಿನ ಬಕ್ಕೇಶಪ್ಪನಿಗೆ ಪಾದದ ನೋವಿಗಿಂತ ಹೊಟ್ಟೆಯುರಿಯೇ ಹೆಚ್ಚಾಯಿತು. ದಾವಣಗೆರೆಯ ಮಂಡಿಯಲ್ಲಿ ಹತ್ತಿ ಬಿಗಿದ ಭಾರಿ ಅಂಡಿಗೆ ಪಾದದ ಮೇಲೆ ಉರುಳಿ ಎಲುಬು ಮುರಿದದ್ದು ಅವನದು; ಡಾಬು ಏರುವುದು ಇನ್ನಾರದೋ ಸೊಂಟಕ್ಕೆ.

ಆಪರೇಷನ್ ಆಗಿ, ಪ್ಲಾಸ್ಟರು ಬಿಚ್ಚಿದ ಮೇಲೆ ಡಾಕ್ಟರು ಹೇಳಿದ್ದರು: ಇನ್ನು ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು, ಇಲ್ಲದಿದ್ದರೆ ಕೀಲು ಬಿಗಿಯುತ್ತದೆ. ಜಟಕಾ ಇಳಿದು ಅವನು ಮನೆಯಲ್ಲಿ ಹೇಳಿದ್ದೇ ಬೇರೆ. “ಕಾಲು ಊರಿದ್ರ ಮತ್ತ ಕೊಯ್ಬೇಕಾಗತೈತಂತೆ.”

ಅಂದಿನಿಂದ ಕಾಲನ್ನು ದಿಂಬಿನ ಮೇಲಿಟ್ಟು ನರಳಿದ. ತಾಯಿ ಮರುಳಸಿದ್ದಮ್ಮ ತುಪ್ಪ ಸುರಿದು ಉಣಿಸಿದಳು. ಎಲ್ಲರೂ ಹಿತ್ತಲಿಗೆ ಹೋದಾಗ ಮಾತ್ರ ಗೋಡೆ ಹಿಡಿದು ನಡೆದ, ಬೆರಳು ಮಡಿಸಿದ, ಚಾಚಿದ. ಡಾಕ್ಟರ ಮಾತನ್ನು ಇಷ್ಟು ಭಕ್ತಿಯಿಂದ ಪಾಲಿಸಿದ ರೋಗಿ ಊರಲ್ಲಿ ಇನ್ನೊಬ್ಬನಿರಲಾರ. ದುರಾಸೆಯ ಆರೈಕೆಯಲ್ಲಿ ಪಾದ ಸೊಗಸಾಗಿ ಕೂಡಿಕೊಂಡಿತು.

ಅಣ್ಣನ ಮಗಳ ಮದುವೆಯ ನಿಶ್ಚಯಕ್ಕೆಂದು ಮನೆಮಂದಿಯೆಲ್ಲ ಬೆಳಗಿನ ರೈಲಿಗೆ ಹರಿಹರಕ್ಕೆ ಹೊರಟರು. ಕೆಲಸದ ಕೆಂಚಕ್ಕ ಹಾಸಿಗೆಯ ಪಕ್ಕ ರೊಟ್ಟಿ ಇಟ್ಟಳು. “ಪಾಪ ಸಣ್ಣ ಯಜಮಾನ್ರೆ, ಹೋಳಿಗಿ ಉಣ್ಣಾಕೂ ಕಾಲು ಬೇಕು ನೋಡ್ರಿ,” ಎಂದು ನಕ್ಕು ಹೋದಳು.

ನಗಲಿ, ಅಂದುಕೊಂಡ. ಕಳವು ಕಟ್ಟಬೇಕಾದದ್ದು ಅವಳ ತಲೆಗೇ. ಏಳಲಾರದವನನ್ನು ಯಾರು ಸಂಶಯಿಸುತ್ತಾರೆ?

ಎದ್ದ. ಕೈಕಾಲು ತೊಳೆದು ಒರೆಸಿಕೊಂಡು ದೇವರ ಮನೆಗೆ ಹೋದ. ಪೀಠದ ಹಿಂದಿನ ಪೆಟ್ಟಿಗೆಯಿಂದ ಡಾಬು ತೆಗೆದು, ಕಾಲಡಿಯ ದಿಂಬಿನ ಹೊಲಿಗೆ ಬಿಚ್ಚಿ, ಹತ್ತಿಯೊಳಗೆ ಹುದುಗಿಸಿ ಮತ್ತೆ ಹೊಲಿದ. ನೋಯುವ ಕಾಲಿನ ಕೆಳಗಿನ ದಿಂಬನ್ನು ಯಾರೂ ಎಳೆಯುವುದಿಲ್ಲ.

ಸಂಜೆ ಬಂದವರು, ಮರುದಿನ ಬರಲಿದ್ದ ಬೀಗರಿಗೆ ಡಾಬು ತೋರಿಸಲೆಂದು ಪೆಟ್ಟಿಗೆ ತೆರೆದರೆ ಅದು ಬರಿದಾಗಿತ್ತು. ಅಣ್ಣ ವಾಮದೇವಪ್ಪ ಕೆಂಚಕ್ಕನನ್ನು ಕರೆಸಿದ.

“ನಿಜ ಹೇಳ್ತೀಯೋ, ಪೊಲೀಸ್ರನ್ನ ಕರೀಲೋ?”

“ದೇವರ ಮನಿ ಹೊಸ್ತಿಲು ದಾಟಿಲ್ರೀ ನಾನು. ಹೊಟ್ಟಿಗೆ ಹಾಕಿದ ಮನಿಗೆ ಕೈ ಹಾಕ್ತೀನೇನ್ರಿ?”

“ಬಡವಿ, ಬಿಡಣ್ಣ,” ಎಂದ ಬಕ್ಕೇಶಪ್ಪ, ತನ್ನ ದೊಡ್ಡತನಕ್ಕೆ ತಾನೇ ಕರಗಿ. “ನಾನರ ಎದ್ದು ನೋಡೋನಾಗಿದ್ರ...”

ಮರುಳಸಿದ್ದಮ್ಮ ಮಗನ ಪಕ್ಕ ಬಂದು ಕೂತಳು. “ನೀ ಮಲಗಿದಾಗಿಂದ ದಿನಾ ನಿನ್ನ ಹಣಿಗೆ ಇಭೂತಿ ನಾನಾ ಹಚ್ತಿದ್ದೆ. ಇವತ್ತು ರೈಲಿನ ಗಡಿಬಿಡ್ಯಾಗ ಮರ್ತು ಹೋದೆ ಮಗಾ,” ಎಂದು ಅವನ ಹಣೆಗೆ ಕೈ ಚಾಚಿದವಳು ಅರ್ಧಕ್ಕೇ ತಡೆದಳು. ದೇವರ ಮನೆಗೆ ಕಾಲಿಟ್ಟವರು ಮೊದಲು ಮಾಡುವುದನ್ನು ಬಕ್ಕೇಶಪ್ಪನ ಕೈ ಅವನನ್ನು ಕೇಳದೆಯೇ ಮಾಡಿ ಮುಗಿಸಿತ್ತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಬೆಳ್ಳಗೆ ಹೊಳೆಯುತ್ತಿತ್ತು. “ಇಭೂತಿ ಯಾರು ಹಚ್ಚಿದ್ರಪ್ಪ?” ಎಂದು ಕೇಳಿದಳು ತಾಯಿ. “ನಾನಂತೂ ಅಲ್ರೀ ಅಮ್ಮಾರೆ,” ಎಂದಳು ಕೆಂಚಕ್ಕ.