ದೊಡ್ಡ ಗಾಡಿ, ಸಣ್ಣ ಗಾಡಿ

ವಳಕಮದಿನ್ನಿಯ ತವರಿನಲ್ಲಿ ಎರಡು ದಿನ ಇದ್ದು ಸಿಂಧನೂರಿಗೆ ಮರಳಿದ ಸುಲ್ತಾನಾ ಶೆಡ್ಡಿನ ತಗಡಿನ ಬಾಗಿಲು ತೆರೆದಳು. ಮುಂದೆ ಅಂಬಾಸಿಡರ್ ಇತ್ತು. ಅದರ ಹಿಂದೆ ನಿಲ್ಲುತ್ತಿದ್ದ ಮಾರುತಿ ಇರಲಿಲ್ಲ.

ಠಾಣೆಯಿಂದ ಹವಾಲ್ದಾರ್ ಗ್ಯಾನಪ್ಪ ಬಂದ.

“ಇಷ್ಟು ದೊಡ್ಡದು ಬಿಟ್ಟು ಆ ಬೆಂಕಿಪೊಟ್ಟಣ ಒಯ್ದಾನಲ್ಲ, ಎಂಥಾ ಕಳ್ಳ ಇವ?”

ಅರವತ್ತೈದನೇ ಇಸವಿಯ ಅಂಬಾಸಿಡರ್ ಮಾವ ಜಂಗ್ಲಿಸಾಬರದು. ಮಸ್ಕಿ, ಲಿಂಗಸುಗೂರು ಎಂದು ಹತ್ತು ಜನರನ್ನು ತುಂಬಿಕೊಂಡು ಓಡಿದ ಬಾಡಿಗೆ ಗಾಡಿ. ಎಂಬತ್ತಾರರ ಮಾರುತಿ ಗಂಡ ಜಾಹೀದ್‌ನದು. ದೊಡ್ಡದರ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ನಡುವೆ ಇನ್ನೊಬ್ಬರು ಕೂರಬಹುದಿತ್ತು. ಸಣ್ಣದರಲ್ಲಿ ಗೇರ್ ಹಾಕಿದಾಗೆಲ್ಲ ಅವನ ಕೈ ಅವಳ ಮೊಣಕಾಲಿಗೆ ತಾಗುತ್ತಿತ್ತು.

ಎಂಟು ತಿಂಗಳ ಹಿಂದೆ ಬೈಕಿನಲ್ಲಿ ಹೋದ ಜಾಹೀದ್ ಜೀವಂತ ಮರಳಲಿಲ್ಲ. ಅಂದಿನಿಂದ ದಿನಾ ಸಂಜೆ ಅವಳು ಮಾರುತಿಯ ಎಡಸೀಟಿನಲ್ಲಿ ಕೂರುತ್ತಿದ್ದಳು. ಅವನು ತನ್ನ ಕಣ್ಣಿಗೆ ಸರಿಯಾಗಿ ತಿರುಗಿಸಿಟ್ಟ ಕನ್ನಡಿಯನ್ನು ಅವಳು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

“ಲಿಂಗಸುಗೂರಿನ ಗುಜರಿಯವ ಹೋದ ವಾರ ಬಂದಿದ್ದ,” ಎಂದರು ಮಾವ, ಅಂಗಳದಿಂದಲೇ.

“ಅವ ಕೇಳಿದ್ದು ಅಂಬಾಸಿಡರ್, ಅಬ್ಬಾ.”

* * *

ಮುಂದಿನದನ್ನು ತೆಗೆಯದೆ ಹಿಂದಿನದು ಹೊರಬರುವಂತಿರಲಿಲ್ಲ. ಗ್ಯಾನಪ್ಪ ಅಂಬಾಸಿಡರ್ ಹತ್ತಿ ಕಾಲ ಬಳಿ ತಡಕಾಡಿದ.

“ಗೇರ್ ಎಲ್ಲೆದ ತಂಗಿ ಇದಕ್ಕ? ಇಲಿ ತಿಂದಾವೇನು?”

“ಸ್ಟೀರಿಂಗ್ ಪಕ್ಕಕ್ಕ ಅದ ರೀ.”

ಹೇಳಿದವಳೇ ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಹಿಂದಿನ ಎಡಗಾಲಿಯ ಅಡಿ ಕಲ್ಲಿತ್ತು. ಮೊನ್ನೆಯವರೆಗೂ ಅದು ಮುಂದಿನ ಗಾಲಿಗಿತ್ತು. ಜಾಹೀದ್ ಇಟ್ಟದ್ದು.

* * *

“ಅಬ್ಬಾ, ಮಾರುತಿ ನೀವೇ ಒಯ್ದೀರಿ.”

ಜಂಗ್ಲಿಸಾಬರ ಬೆರಳು ತಸಬಿಯ ಜಪಮಣಿಯ ಮೇಲೆ ನಿಂತಿತು.

“ಹೊರಗಿನವ ಆದ್ರ ದೊಡ್ಡ ಗಾಡಿ ಹೊರಗ ಬಿಟ್ಟು ಓಡತಿದ್ದ. ಅದರ ಗೇರೂ ಅವಗ ಸಿಗತಿರಲಿಲ್ಲ. ನೀವು ಮತ್ತ ಒಳಗ ನಿಲ್ಲಿಸೀರಿ. ಹ್ಯಾಂಡ್‌ಬ್ರೇಕ್ ಹಿಡಿಯಂಗಿಲ್ಲಂತ ಕಲ್ಲು ಇಟ್ಟೀರಿ. ನಲವತ್ತು ವರ್ಷ ಹಿಂದಿನ ಎಡಗಾಲಿಗೇ ಇಟ್ಟ ಕೈ, ಮರೀಲಿಲ್ಲ.”

ಮಾವ ತಲೆ ತಗ್ಗಿಸಿದರು.

“ಮಸ್ಕಿ ಮೆಕ್ಯಾನಿಕ್ ಅಂಬಪ್ಪ ಗಾಡಿ ಚಾಲೂ ಮಾಡಾಕ ಬ್ಯಾಟರಿ ತಂದಿದ್ದ. ಮಾರುತಿ ಅವನ ಗ್ಯಾರೇಜಿನಾಗ ಅದ. ಮಗನ್ನ ಮಣ್ಣು ಮಾಡೀನಿ, ಬೇಟಿ. ನೀನೂ ದಿನಾ ಹೋಗಿ ಅದರಾಗ ಹೂತುಕೊಳ್ಳೂದು ನೋಡಾಕ ಆಗಲಿಲ್ಲ.”

ಗ್ಯಾನಪ್ಪ ಬರೆಯುತ್ತಿದ್ದ ಕಾಗದ ಮಡಚಿ ಜೇಬಿಗಿಟ್ಟ.

* * *

ಸಂಜೆ ಮಾರುತಿ ಮರಳಿತು. ಒಂದು ಗೀರೂ ಬಿದ್ದಿರಲಿಲ್ಲ. ಸುಲ್ತಾನಾ ಎಡಸೀಟಿನಲ್ಲಿ ಕುಳಿತಳು. ಮೇಲೆ ನೋಡಿದಳು.

“ಅಬ್ಬಾ, ಕನ್ನಡಿ ಯಾಕ ತಿರುಗಿಸಿದ್ರಿ?”

“ಹಿಂದಿನ ಲಾರಿ ಕಾಣಲಿಲ್ಲ. ಅವನಷ್ಟು ಎತ್ತರ ಇಲ್ಲಲ್ಲ ನಾ.”

ಅವಳು ಕನ್ನಡಿಗೆ ಕೈ ಎತ್ತಿದಳು. ಜಾಹೀದ್‌ನ ಕಣ್ಣು ಯಾವ ಎತ್ತರಕ್ಕೆ ಬರುತ್ತಿತ್ತೆಂದು ಅಂದಾಜು ಸಿಗಲಿಲ್ಲ. ಕೈ ಇಳಿಸಿದಳು.