ಗೇಟಿನ ಪಕ್ಕದ ಗುಡಿ

ಭೀಮಕ್ಕಜ್ಜಿ ಓಮ್ನಿಯಿಂದ ಇಳಿದವಳೇ ಚಪ್ಪಲಿ ಬಿಟ್ಟು, ಗೇಟಿನ ಪಕ್ಕದ ಆ ಪುಟ್ಟ ಕಟ್ಟಡದ ಗೋಡೆಗೆ ಹಣೆ ಹಚ್ಚಿ ಕೈ ಮುಗಿದಳು.

ಕಿಟಕಿಯ ಪರದೆಯ ಹಿಂದೆ ನಿಂತಿದ್ದ ಧನುಶ್ರೀ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಯ್ಯೋ... ಅದು ಗುಡಿಯಲ್ಲ!

ಅಜ್ಜಿಯ ಹಿಂದೆ, ಜೊತೆಗೆ ಬಂದ ನೆಂಟ ಗಂಡಸರ ನಡುವೆ, ಅವಳ ಮೊಮ್ಮಗ ಮೈಲಾರಿ ನಿಂತಿದ್ದ. ಧನುಶ್ರೀಯನ್ನು ನೋಡಲೆಂದು ಸಂತೇಬೆನ್ನೂರಿನಿಂದ ಬಂದ ಹುಡುಗ. ಅವನು ಅದೇ ಹೊತ್ತಿಗೆ ತಲೆಯೆತ್ತಿದ. ಇಬ್ಬರ ಕಣ್ಣೂ ಕೂಡಿದವು. ಅವನು ಸಣ್ಣಗೆ ನಕ್ಕ. ಫೋಟೋದಲ್ಲಿ ಆ ನಗು ಇರಲಿಲ್ಲ. ಬೇರೆ ದಿನವಾಗಿದ್ದರೆ ಅವಳು ನಾಚುತ್ತಿದ್ದಳೋ ಏನೋ, ಈಗ ಬೆವರಿದಳು.

'ಹೇಳಿಬಿಡು... ಓಡಿಹೋಗಿ ಈಗಲೇ ಹೇಳಿಬಿಡು...'

ಅಷ್ಟರಲ್ಲಿ ತಾಯಿ ಮೂಕಮ್ಮ ಹಿಂದಿನಿಂದ ಬಂದು ಅವಳ ತೋಳು ಹಿಡಿದಳು. "ಬಾಯಿ ಬಿಟ್ಟೀಯ ಮತ್ತೆ. ಸುಮ್ಕಿರು."

ಅದು ಆ ಮನೆಯ ಕಕ್ಕಸು.

ನ್ಯಾಮತಿಯ ಆ ಓಣಿಯ ಮನೆಗಳಿಗೆ ಹಿತ್ತಿಲಿಲ್ಲ. ಶೌಚಾಲಯಕ್ಕೆ ಸರ್ಕಾರದ ಸಹಾಯಧನ ಬಂದಾಗ ಧನುಶ್ರೀಯ ಅಪ್ಪ ಓಬಣ್ಣ ಜಾಗ ಇದ್ದಲ್ಲಿ, ಅಂದರೆ ಮನೆ ಬಾಗಿಲ ಮುಂದೆಯೇ ಕಟ್ಟಿಸಿದ್ದ. ಹಿಂದೆ ಬಂದ ಎರಡು ಸಂಬಂಧಗಳು ಗೇಟಿನಲ್ಲೇ ಮೂಗು ಮುರಿದು ವಾಪಸ್ ಹೋಗಿದ್ದವು. ಎರಡು ಸಲವೂ ಮೂಕಮ್ಮ ಒಲೆಯ ಮುಂದೆ ಕೂತು ಅತ್ತಿದ್ದನ್ನು ಧನುಶ್ರೀ ನೋಡಿದ್ದಳು.

ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಈ ಹುಡುಗಿಗೆ ಕಣ್ಣಿಗೆ ಹಿಡಿಸದ್ದನ್ನೆಲ್ಲ ಚಂದ ಮಾಡುವ ಹುಚ್ಚು. ಗ್ಯಾಸ್ ಸಿಲಿಂಡರಿಗೆ ಹಳೇ ಸೀರೆಯಲ್ಲಿ ಲಂಗ ಹೊಲಿದವಳು. ಮೀಟರ್ ಬೋರ್ಡಿನ ಮುಂದೆ ಚಿತ್ತಾರ ಬರೆದ ಮೊರ ತೂಗುಹಾಕಿದವಳು. ಮೂರನೇ ಸಂಬಂಧ ಬರುತ್ತದೆಂದರೆ ಕಕ್ಕಸನ್ನು ಬಿಡುತ್ತಾಳೆಯೇ? ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಉದ್ದುದ್ದ ಪಟ್ಟೆ ಬಳಿದಳು. ಬಾಗಿಲಿಗೆ ಮಾವಿನ ತೋರಣ ಕಟ್ಟಿದಳು. ಮೇಲೆ ಎದ್ದು ನಿಂತಿದ್ದ ಗಾಳಿ ಪೈಪಿಗೆ ಪ್ಲಾಸ್ಟಿಕ್ ಬಳ್ಳಿ ಸುತ್ತಿ, ಅದರ ಮುಂದೆ ಹಳದಿ ಬಣ್ಣದ ಪುಟ್ಟ ಮಡಕೆ ಬೋರಲು ಹಾಕಿದಳು.

ಎಲ್ಲ ಸೇರಿ ಅದು ಏನಾಗಿ ಕಾಣುತ್ತದೆಂದು ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ. ಪಟ್ಟೆ ಗೋಡೆ, ತೋರಣ, ಮೇಲೊಂದು ಕಳಸ... ಎಪ್ಪತ್ತೈದು ವರ್ಷದ ಅಜ್ಜಿ ಕೈ ಮುಗಿಯದೆ ಇನ್ನೇನು ಮಾಡುತ್ತಾಳೆ?

ಒಳಗೆ ಬಂದ ಅಜ್ಜಿಯ ಖುಷಿ ಹೇಳತೀರದು. ಬಾಗಿಲಲ್ಲೇ ದೇವರಿರುವ ಮನೆಯ ಹೆಣ್ಣು ಸಿಗಬೇಕಾದರೆ ಮೊಮ್ಮಗ ಪುಣ್ಯ ಮಾಡಿರಬೇಕು ಎಂದಳು. ಮಾತು ಕುದುರಿದರೆ ಮೊದಲ ಎಲೆ ಅಡಿಕೆ ಆ ಗುಡಿಗೇ ಎಂದಳು. ಯಾವ ದೇವರೆಂದು ಕೇಳಿದ್ದಕ್ಕೆ ಓಬಣ್ಣ ಕೆಮ್ಮತೊಡಗಿದ. ಎಷ್ಟು ಹೊತ್ತಾದರೂ ಆ ಕೆಮ್ಮು ನಿಲ್ಲಲಿಲ್ಲ.

ಧನುಶ್ರೀ ತಲೆ ಎತ್ತದೆ ಎಲ್ಲರಿಗೂ ಕಾಫಿ ಕೊಟ್ಟಳು.

ಹುಡುಗ ಹುಡುಗಿ ಎರಡು ಮಾತಾಡಲಿ ಎಂದು ಹಿರಿಯರು ಇಬ್ಬರನ್ನೂ ಪಡಸಾಲೆಯ ಆ ತುದಿಗೆ ಕಳಿಸಿದರು. ಮೈಲಾರಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ತನ್ನ ರಿವೈಂಡಿಂಗ್ ಅಂಗಡಿಯ ಬಗ್ಗೆ ಹೇಳಿದ. ಎರಡು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದು, ಅಜ್ಜಿಯೇ ಸಾಕಿ ಬೆಳೆಸಿದ್ದು, ಎಲ್ಲವನ್ನೂ ಹೇಳಿದ.

"ನಂಗೆ ಏನಾದ್ರೂ ಅನ್ರಿ, ತಡ್ಕಂತೀನಿ. ಅಜ್ಜಿಗೆ ನೋವಾದ್ರೆ ಮಾತ್ರ ಆಗಲ್ಲ," ಎಂದ. ಆಮೇಲೆ ನೆಲ ನೋಡುತ್ತ, "ನಂಗಂತೂ ನೀವು ಹಿಡಿಸಿದ್ರಿ," ಎಂದುಬಿಟ್ಟ.

ಅವಳಿಗೂ ಅವನು ಹಿಡಿಸಿದ್ದ. ಅದೇ ಈಗ ಸಂಕಟವಾಗಿತ್ತು. ಕಾಲು ಗಂಟೆ ಮುಂಚೆ ಹೇಳಿದ್ದರೆ ಬರೀ ಒಂದು ಸಂಬಂಧ ತಪ್ಪುತ್ತಿತ್ತು. ಈಗ ಹೇಳಿದರೆ ಇವನೇ ತಪ್ಪಿಹೋಗುತ್ತಾನೆ...

"ನಿಮ್ಗೊಂದು ವಿಷಯ ಹೇಳ್ಬೇಕು..." ಎಂದು ಬಾಯಿ ತೆರೆದಳು.

ಆಗಲೇ ಒಳಗಿನಿಂದ ಅಜ್ಜಿಯ ದನಿ ಕೇಳಿತು. "ಬಾತ್ರೂಮ್ ಎಲ್ಲೈತೆ ತಾಯಿ?"

ಓಬಣ್ಣ ಮೂಕಮ್ಮನ ಮುಖ ನೋಡಿದ.

ಅಜ್ಜಿಗೆ ಸಕ್ಕರೆ ಕಾಯಿಲೆ. ಸಂತೇಬೆನ್ನೂರಿನಿಂದ ಇಲ್ಲಿವರೆಗೆ ತಡೆದುಕೊಂಡು ಬಂದಿದ್ದಳು. ಮೂಕಮ್ಮ ಅವಳನ್ನು ಪಕ್ಕದ ಮನೆಗೆ ಕರೆದೊಯ್ದಳು. ಬೀಗ ಹಾಕಿತ್ತು. ಎದುರು ಮನೆಯ ಕಕ್ಕಸಿನಲ್ಲಿ ಯಾರೋ ಇದ್ದರು, ಬಾಗಿಲು ಬಡಿದರೂ ಹೊರಗೆ ಬರಲಿಲ್ಲ. ಇನ್ನೈದು ನಿಮಿಷ ತಡೆದುಕೊಳ್ಳಿ ಎನ್ನುತ್ತ ಮೂಕಮ್ಮ ಅಜ್ಜಿಯನ್ನು ವಾಪಸ್ ಕರೆತಂದಳು.

ಅಜ್ಜಿ ಪಡಸಾಲೆಯ ಕಂಬ ಹಿಡಿದು ನಿಂತಳು. ಮುಖ ಕಪ್ಪಿಟ್ಟಿತ್ತು. ಕಾಲು ಒಂದಕ್ಕೊಂದು ಒತ್ತಿಕೊಂಡಿದ್ದಳು. ಜೊತೆಗೆ ಬಂದಿದ್ದ ಗಂಡಸರು ಬೇರೆ ಕಡೆ ನೋಡಿದರು. ಮೈಲಾರಿಯೂ ತಲೆ ತಗ್ಗಿಸಿದ್ದ.

'ಇಷ್ಟು ಜನರ ಎದುರು ಈ ಅಜ್ಜಿಗೆ ಏನಾದರೂ ಆದರೆ...' ಧನುಶ್ರೀಗೆ ಮುಂದೆ ಯೋಚಿಸಲು ಆಗಲಿಲ್ಲ. ನೇರ ಹೋಗಿ ಅಜ್ಜಿಯ ಕೈ ಹಿಡಿದಳು.

"ಧನೂ..." ತಾಯಿಯ ದನಿ ಬೆನ್ನಿಗೆ ಚುಚ್ಚಿತು. ಅವಳು ತಿರುಗಲಿಲ್ಲ.

ಗೇಟಿನ ಹತ್ತಿರ ಹೋಗಿ ತೋರಣ ಸರಿಸಿ ಬಾಗಿಲು ತೆರೆದಳು. ಒಳಗಿನ ಬಿಳಿ ಬೇಸಿನ್ನು ಎಲ್ಲರಿಗೂ ಕಂಡಿತು.

"ಅಜ್ಜಿ, ಇದು ಗುಡಿ ಅಲ್ಲ, ಕಕ್ಕಸು. ನಾಚಿಕೆಗೆ ನಾನೇ ಹಿಂಗೆ ಬಣ್ಣ ಬಳ್ದಿದ್ದೆ. ನೀವು ಕೈ ಮುಗ್ದಾಗ್ಲೇ ಹೇಳ್ಬೇಕಿತ್ತು, ಹೆದರ್ಕಂಡೆ. ತಪ್ಪು ನಂದು. ಮೊದ್ಲು ಒಳಗೆ ಹೋಗ್ರಿ."

ಅಜ್ಜಿ ಮೇಲಿನ ಮಡಕೆ ನೋಡಿದಳು, ಗೋಡೆ ನೋಡಿದಳು, ಹುಡುಗಿಯ ಮುಖ ನೋಡಿದಳು. ಸೀರೆ ಎತ್ತಿ ಹಿಡಿದು ಒಳಗೆ ಹೋದಳು. ಚಿಲಕ ಬಿತ್ತು.

ಮೈಲಾರಿ ಹತ್ತಿರ ಬಂದ. ಆ ನಗು ಈಗ ಎಲ್ಲೂ ಇರಲಿಲ್ಲ.

"ಅಜ್ಜಿ ಕೈ ಮುಗೀತಿದ್ದಾಗ ಕಿಟಕಿಯಿಂದ ನೋಡ್ತಿದ್ರಿ ಅಲ್ವಾ?"

"ಹೌದು."

"ನೋಡೀ ಸುಮ್ನಿದ್ರಿ."

"...ಹೌದು."

ಅವನು ಬೆನ್ನು ತಿರುಗಿಸಿ ಓಮ್ನಿಯ ಕಡೆ ನಡೆದ. ಹೊರಗೆ ಬಂದ ಅಜ್ಜಿಯೂ ಮಾತಾಡದೆ ಓಮ್ನಿ ಹತ್ತಿದಳು. ಗಾಡಿ ಹೋಯಿತು.

ಮೂಕಮ್ಮ ಮೂರು ದಿನ ಮಗಳಿಗೆ ಊಟಕ್ಕೆ ಬಡಿಸಿದಳೇ ವಿನಾ ಮಾತಾಡಿಸಲಿಲ್ಲ. ಧನುಶ್ರೀ ಪಟ್ಟೆಯ ಮೇಲೆ ಬರೀ ಸುಣ್ಣ ಹೊಡೆದಳು. ಅಂಗಡಿಯಲ್ಲಿ ಹಸಿರು ಕೇಳಿದವರಿಗೆ ನೀಲಿ ಸೀರೆ ಬಿಚ್ಚಿದಳು. ಬೈಕಿನ ಸದ್ದಾದರೆ ಸಾಕು, ಕತ್ತು ತಾನಾಗಿ ರಸ್ತೆಯ ಕಡೆ ತಿರುಗುತ್ತಿತ್ತು. ಕಾಲು ಗಂಟೆ ಕಂಡವನಿಗಾಗಿ ಇಷ್ಟು ಅಳು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಬುಧವಾರ ಸಂಜೆ ಗೇಟಿನ ಮುಂದೆ ಒಂದು ಬೈಕು ನಿಂತಿತು. ಮೈಲಾರಿ ಒಬ್ಬನೇ ಬಂದಿದ್ದ.

ಬಾಗಿಲಿಗೆ ಬಂದ ಧನುಶ್ರೀಯ ಕಾಲು ಅಲ್ಲೇ ನಿಂತವು. "ಅಜ್ಜಿ ಕಳಿಸಿದ್ರಾ?" ಎಂದಳು.

"ಇಲ್ಲ. ಅಜ್ಜಿ ಅವತ್ತು ಗಾಡಿಯಲ್ಲೇ ಒಪ್ಪಿದ್ಲು. ಓಣಿ ದಾಟೋ ತಂಕ ನಾಚ್ಕಂಡಿದ್ಲು, ಆಮೇಲೆ ನಗಾಕೆ ಶುರು ಮಾಡಿದ್ಲು. ನನ್ ಮಾನ ಉಳಿಸಾಕೆ ಆ ಹುಡುಗಿ ತನ್ ಸಂಬಂಧನೇ ಕೈಬಿಟ್ಲು ಕಣೋ ಅಂದ್ಲು."

"ಮತ್ತೆ ಈ ಮೂರು ದಿನ?"

"ಅದು ನಂದು." ಅವನು ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. "ನನ್ನ ಸಾಕಿದ ಅಜ್ಜಿ ರೀ... ಅವ್ಳು ಹಂಗೆ ನಿಂತಾಗ ನಾನು ನಾಚಿಕೆಗೆ ತಲೆ ಬಗ್ಗಿಸಿಬಿಟ್ಟೆ. ಕೈ ಹಿಡ್ದೋರು ನೀವು. ಸಿಟ್ಟು ನಿಮ್ ಮೇಲೆ ಅಂದ್ಕಂಡಿದ್ದೆ. ಅಂಗಡಿಯಲ್ಲಿ ಕೂತ್ರೆ, ಮಲಗಿದ್ರೆ, ನನ್ ಮೇಲೇ ಬರ್ತಿತ್ತು."

ಧನುಶ್ರೀಯ ಕಣ್ಣು ತುಂಬಿದವು. ಒರೆಸಿಕೊಳ್ಳಲಿಲ್ಲ.

"ಅಜ್ಜಿ ಒಪ್ಪಿದ್ಲು, ನಾನೂ ಒಪ್ಪಿದ್ದೆ. ನಿಮ್ಮನ್ನ ಯಾರೂ ಕೇಳ್ಲಿಲ್ಲ," ಎಂದ ಅವನು. "ಅದನ್ನ ಕೇಳಾಕೆ ಬಂದೆ. ನಾನು ಒಪ್ಪಿಗೆನಾ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಮೂಕಮ್ಮ ಕಿವಿಗೊಟ್ಟಿದ್ದಳು. ಧನುಶ್ರೀ ಬೇಕೆಂತಲೇ ತಡ ಮಾಡಿದಳು. ಮೂರು ದಿನ ಕಾಯಿಸಿದವನು ಒಂದು ನಿಮಿಷವಾದರೂ ಕಾಯಲಿ.

"ಇನ್ನೊಂದ್ಸಲ ಸಿಟ್ಟು ಬಂದ್ರೆ ಎದ್ದು ಹೋಗಬ್ಯಾಡ್ರಿ," ಎಂದಳು ಕೊನೆಗೆ. "ಎದುರಿಗೇ ಕೂತ್ಕಂಡು ಬೈರಿ."

"ಬೈಯಾಕೆ ಬರಲ್ಲ ನಂಗೆ."

"ಬರ್ರಿ ಒಳಗೆ... ಕಲಿಸ್ತೀನಿ."