ಮತಪೆಟ್ಟಿಗೆ ಮತ್ತು ಮೂರನೆಯ ಸದಸ್ಯ

ಕಪಾಟಿಗೆ ಹಾಕಿದ ಬೀಗ ಹಾಗೇ ಇತ್ತು. ಒಳಗಿದ್ದ ಮತಪೆಟ್ಟಿಗೆ ಮಾತ್ರ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದೂವರೆ. ದುಬೈಯ ಕರಾಮದ ಹಳೆಯ ಫ್ಲ್ಯಾಟೊಂದರಲ್ಲಿ ಕನ್ನಡ ಕೂಟದ ಕಚೇರಿ. ಕೂಟದ ಚುನಾವಣೆಗೆ ಬಂದ ಸದಸ್ಯರಿಗಿಂತ ಬಿದ್ದ ಮತಗಳೇ ಹೆಚ್ಚು ಎಂದು ದೂರು. ಗೆದ್ದ ಅಧ್ಯಕ್ಷ ಶಾಮಸುಂದರರ ಮೇಲೆ ವಿಚಾರಣೆ. ಮೂವರ ಸಮಿತಿ ಹನ್ನೆರಡಕ್ಕೆ ಪೆಟ್ಟಿಗೆ ತೆರೆದು ಎಣಿಸಬೇಕಿತ್ತು.

ಬೀಗದ ಕೈ ಇದ್ದದ್ದು ಸಮಿತಿಯ ಮುಖ್ಯಸ್ಥೆ ಅಗಾತಾ ಟೀಚರ ಬಳಿ. ಹದಿಮೂರು ವರ್ಷ ಇಲ್ಲಿನ ಮಕ್ಕಳಿಗೆ ಬಿಟ್ಟಿಯಾಗಿ ಕನ್ನಡ ಕಲಿಸಿದವರು. ಈಗ ಎಲ್ಲರ ಕಣ್ಣೂ ಅವರ ಮೇಲೆ.

ಅಬುಧಾಬಿಯಿಂದ ಅಧ್ಯಕ್ಷರು ಫೋನಿನಲ್ಲೇ ತೀರ್ಪು ಕೊಟ್ಟರು. "ಟೀಚರ್‌ನ ಸಮಿತಿಯಿಂದ ತೆಗೀರಿ. ಅವರ ಜಾಗಕ್ಕೆ ನಾನೇ ಬೇರೆಯವರನ್ನ ನೇಮಿಸ್ತೀನಿ."

ಕಳೆದ ವಾರವೂ ಹೀಗೇ ಆಗಿತ್ತು. ಮೂರನೆಯ ಸದಸ್ಯರು ಕೆಲಸ ಬಿಟ್ಟು ಊರಿಗೆ ಹೋದಾಗ ಆ ಜಾಗಕ್ಕೆ ರಘುನಂದನನನ್ನು ನೇಮಿಸಿದ್ದು ಇದೇ ಅಧ್ಯಕ್ಷರು. ತನ್ನ ಪರೀಕ್ಷೆಗೆ ಮೇಷ್ಟ್ರನ್ನು ತಾನೇ ಆರಿಸಿಕೊಂಡ ಹಾಗೆ. ಕೂಟದ ನಿಯಮವೇ ಹಾಗಂತೆ. ಯಾರೂ ತುಟಿಪಿಟಕ್ ಎನ್ನಲಿಲ್ಲ.

ಸಮಿತಿಯ ಎರಡನೆಯ ಸದಸ್ಯ ನೌಶಾದ್ ಮಾತ್ರ ಜಮೀಲಳಿಗೆ ಫೋನ್ ಮಾಡಿದ. ಜಮೀಲ ಇನ್ಶೂರೆನ್ಸ್ ಕಂಪನಿಯಲ್ಲಿ ಅಪಘಾತದ ಕ್ಲೇಮುಗಳನ್ನು ತನಿಖೆ ಮಾಡುವವಳು. ದಿನಕ್ಕೆ ಹತ್ತು ಸುಳ್ಳು ಕೇಳಿ ಅಭ್ಯಾಸವಾದ ಹೆಂಗಸು.

* * *

"ಕೀ ಎಲ್ಲಿ ಇಟ್ಟದ್ದು ಟೀಚರ್?" ಬಂದವಳೇ ಜಮೀಲ ಕೇಳಿದಳು.

"ಮೇಜಿನ ಮೇಲೆ ಮಾರಾಯ್ತಿ. ಮಕ್ಕಳಿಗೆ ಉಕ್ತಲೇಖನ ಬರೆಸ್ಲಿಕ್ಕೆ ಒಳಗೆ ಹೋದೆ. ಹತ್ತು ನಿಮಿಷ. ಬರುವಾಗ ಅಲ್ಲಿಯೇ ಇತ್ತು." ಟೀಚರ ದನಿ ನಡುಗಿತು. "ನಾನು ಕಳ್ಳಿ ಅಂತ ಆ ಮಕ್ಕಳಿಗೆ ಗೊತ್ತಾದ್ರೆ?"

ಜಮೀಲಳ ಮೊದಲ ಅನುಮಾನ ಅಧ್ಯಕ್ಷರ ಮೇಲೇ. ಆದರೆ ಅವರು ಒಂಬತ್ತರಿಂದಲೂ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಒಂದು ನಾಮಕರಣದಲ್ಲಿದ್ದರು. ಅಲ್ಲಿನ ವೀಡಿಯೋದಲ್ಲಿ ತೊಟ್ಟಿಲ ಪಕ್ಕದಲ್ಲೇ ನಿಂತಿದ್ದರು. ಆ ಹತ್ತು ನಿಮಿಷ ನೌಶಾದ್ ಕೆಳಗಿನ ಕೆಫೆಟೀರಿಯಾದಲ್ಲಿ ಚಹಾಕ್ಕೆ ಕಾಯುತ್ತಿದ್ದ. ಕೆಫೆಟೀರಿಯಾದವನೇ ಹೇಳಿದ.

ಉಳಿದವನು ರಘುನಂದನ.

"ನಾನೂ ಕೆಳಗೆ ಹೋಗಿದ್ದೆ ಮೇಡಂ. ಪಾರ್ಕಿಂಗ್ ಟೈಮ್ ಮುಗೀತಿತ್ತು. ಮೆಷೀನಿಗೆ ಕಾಯಿನ್ ಹಾಕಿ ಬಂದೆ."

"ಮನೆ ಎಲ್ಲಿ?"

"ಅಲ್ ನಹ್ದಾ. ಶಾರ್ಜಾ ಕಡೆ."

"ಇಲ್ಲಿಗೆ ಕಾರಲ್ಲಿ ಬಂದದ್ದು ಮೊದಲ ಸಲವಾ?"

"ಹೌದು."

"ವೀಸಾ ಯಾವ ಕಂಪನಿದು?"

ಅವನು ಕಾರಿನ ಕೀಯನ್ನು ಜೇಬಿಗೆ ಸೇರಿಸಿ ಕಿಟಕಿಯತ್ತ ಹೊರಳಿದ.

* * *

ಮೂರು ಗಂಟೆಗೆ ಅಧ್ಯಕ್ಷರು ಬಂದರು. ಜಮೀಲ ಎಲ್ಲರೆದುರೇ ರಘುನಂದನನತ್ತ ತಿರುಗಿದಳು.

"ದುಬೈಯಲ್ಲಿ ಭಾನುವಾರ ಪಾರ್ಕಿಂಗ್ ಫ್ರೀ. ನಿಮ್ಮ ಶಾರ್ಜಾದಲ್ಲಿ ಫ್ರೀ ಇರುದು ಶುಕ್ರವಾರ. ಮನೆ ಹತ್ರದ ರೂಢಿಯಲ್ಲಿ ಸುಳ್ಳು ಹೇಳಿದ್ರಿ. ಕಾಯಿನ್ ಹಾಕ್ಲಿಕ್ಕೆ ಇಲ್ಲದ ದಿನ ಕಾರಿನ ಹತ್ರ ಎಂತ ಕೆಲಸ? ಯಲ್ಲಾ, ನಡೆಯಿರಿ ಕೆಳಗೆ, ಡಿಕ್ಕಿ ತೆರೆಯಿರಿ."

ಡಿಕ್ಕಿಯಲ್ಲಿ ಹಳೆಯ ಕಂಬಳಿ. ಅದರಡಿ ಪೆಟ್ಟಿಗೆ. ಸೀಲು ಒಡೆದಿರಲಿಲ್ಲ.

"ಇವರೇ ಹೇಳಿದ್ದಾ?" ಜಮೀಲ ಅಧ್ಯಕ್ಷರನ್ನು ತೋರಿಸಿದಳು.

"ಇಲ್ಲ ಮೇಡಂ. ಇವರು ನಮ್ಮ ಕಂಪನಿ ಮ್ಯಾನೇಜರ್ರು. ಮುಂದಿನ ತಿಂಗಳು ನಿನ್ನ ವೀಸಾ ರಿನ್ಯೂವಲ್ ಅಲ್ವೇನಪ್ಪಾ ಅಂತ ನೆನಪಿಸಿದ್ರು, ಅಷ್ಟೇ." ರಘುನಂದನ ಅಳತೊಡಗಿದ. "ಮಗಳು ಹತ್ತನೇ ಕ್ಲಾಸು."

ಜಮೀಲಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಮರುಕವಾಯಿತು. ಸಿಟ್ಟೆಲ್ಲ ಇನ್ನೊಬ್ಬರ ಮೇಲೆ. ಆರೋಪಿಯ ಸಹಿಯ ಮೇಲೆ ಬದುಕು ನಿಂತಿರುವವನು ನ್ಯಾಯ ಹೇಳುವುದು ಹೇಗೆ? ನೇಮಕದ ದಿನ ಈ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಇವರ ವೀಸಾಕ್ಕೆ ಏನಾದ್ರೂ ಆದ್ರೆ ಸಾಕ್ಷಿಗೆ ನಾವೆಲ್ಲ ಇದ್ದೇವೆ, ಸರ್," ಎಂದಳು.

ಶಾಮಸುಂದರರು ಗಂಟಲು ಸರಿಮಾಡಿಕೊಂಡರು. "ಆಗಿದ್ದು ಆಗೋಯ್ತು. ರಘು ಜಾಗಕ್ಕೆ ಬೇರೆಯವರನ್ನ ಈಗಲೇ ನೇಮಕ ಮಾಡ್ಬಿಡ್ತೀನಿ."

"ಖಲಾಸ್ ಸರ್, ಇನ್ನು ಸಾಕು," ಎಂದರು ಅಗಾತಾ ಟೀಚರ್. ದನಿ ಈಗ ನಡುಗುತ್ತಿರಲಿಲ್ಲ. "ಮೂರನೆಯವರನ್ನು ಇಲ್ಲಿ ಕೂತವರೇ ಆರಿಸ್ತಾರೆ. ನೀವು ಹೊರಗೆ ಕೂತ್ಕೊಳ್ಳಿ."

ಕೈ ಎತ್ತಿಸಿ ಜಮೀಲಳನ್ನು ಆರಿಸಿದರು. ಟೀಚರ್ ಸೀಲು ಒಡೆದರು, ಎಣಿಕೆ ಶುರುವಾಯಿತು. ಅರ್ಧ ಎಣಿಸುವಷ್ಟರಲ್ಲಿ ನೌಶಾದ್ ಬಾಗಿಲು ತೆರೆದು ನೋಡಿದ.

ಹೊರಗಿನ ಕುರ್ಚಿ ಖಾಲಿಯಿತ್ತು. ಅದರ ಮೇಲೊಂದು ರಾಜೀನಾಮೆ ಪತ್ರವಿತ್ತು.